ನಮಾಜಿಗೆ ಮುಂಚೆ

ಹಾಜಿ ರಗಬ್ ಕತ್ತಿನಿಂದ ಇಳಿಬಿದ್ದ ನಳಿಕೆಯನ್ನು ಒಂದು ಕೈಯಲ್ಲಿ ಮಡಚಿ ಹಿಡಿದು, ಅದರ ತುದಿಯ ಬಾಟಲಿಯನ್ನು ಸಿಂಕಿಗೆ ಬಗ್ಗಿಸುತ್ತಿದ್ದಾಗ ಡಾಕ್ಟರ್ ನಶ್ವಾ ಹಿಂದೆಯೇ ಬಂದು ನಿಂತಳು. ಕೆಂಪು ನೀರು ಗಳಗಳನೆ ಹರಿದುಹೋಯಿತು.

“ಇದೇನ್ ಮಾಡ್ತಿದ್ದೀರಿ ಹಾಜಿಗಳೇ?”

“ಮಧ್ಯಾಹ್ನದ ನಮಾಜಿಗೆ ಹೊತ್ತಾಯ್ತಲ್ಲ ಡಾಕ್ಟರಮ್ಮ. ರಕ್ತದ ಬಾಟ್ಲಿ ತಗಲಾಕ್ಕೊಂಡು ದೇವರ ಮುಂದೆ ಹೇಗೆ ನಿಲ್ಲೋದು? ಐದು ಹೊತ್ತೂ ಚೊಕ್ಕವಾಗಿ ತೊಳೀತೀನಿ.”

ಹಾಜಿಯ ಕಿವಿಯ ಕೆಳಗಿನ ಜೊಲ್ಲುಗ್ರಂಥಿಯಿಂದ ನಿರಪಾಯದ ಗಡ್ಡೆಯೊಂದನ್ನು ಮೊನ್ನೆ ನಶ್ವಾಳೇ ತೆಗೆದಿದ್ದಳು. ಗಾಯದೊಳಗೆ ರಕ್ತ ನಿಲ್ಲದಿರಲೆಂದು ಈ ನಳಿಕೆ. ಬೆಳಿಗ್ಗೆ ಬಾಟಲಿಯಲ್ಲಿ ಇಡೀ ದಿನದ್ದು ಎಂಟೇ ಮಿಲಿ ಇತ್ತೆಂದು ಈಗ ಅದನ್ನು ಕಿತ್ತು, ಅವರನ್ನು ಮನೆಗೆ ಕಳಿಸಲು ಬಂದಿದ್ದಳು. ಕಳಿಸಿದ್ದರೆ ಮುದುಕನ ಕೆನ್ನೆ ಊದಿ, ಗಾಯ ಕೀವಾಗುತ್ತಿತ್ತೇನೋ.

“ಇದನ್ನ ಯಾರು ಹೇಳಿಕೊಟ್ರು ನಿಮಗೆ?”

“ಪಕ್ಕದ ಮಂಚದ ಮೇಷ್ಟ್ರು. ನಾನು ಬಂದ ದಿನ ಮನೆಗೆ ಹೋದ್ರಲ್ಲ, ಅವರು. ಅವರಿಗೆ ಅವರಿಗಿಂತ ಮುಂಚೆ ಇದ್ದೋರು. ಈ ವಾರ್ಡಲ್ಲಿ ಎಲ್ಲಾರೂ ಹೀಗೇ ಅಲ್ವೇ?”

ನಶ್ವಾ ಮಂಚದ ಅಂಚಿನಲ್ಲಿ ಕೂತಳು. ಒಂದೂವರೆ ವರ್ಷ, ಮೂವತ್ತೆಂಟು ರೋಗಿಗಳು, ದಿನಾ ಬೆಳಿಗ್ಗೆ ಬರೆದಿಟ್ಟ ಅಳತೆ. ಇಂಥ ಗಡ್ಡೆಗೆ ನಳಿಕೆಯೇ ಬೇಕಿಲ್ಲ, ನೋಡಿ ಎಷ್ಟು ಕಡಿಮೆ ಸೋರುತ್ತದೆ ಎಂದು ಗುರುವಾರ ತಾಂತಾ ನಗರದ ಸಭೆಯಲ್ಲಿ ದೊಡ್ಡ ಡಾಕ್ಟರುಗಳ ಮುಂದೆ ಹೇಳುವವಳಿದ್ದಳು. ಅವರು ಒಪ್ಪಿಬಿಟ್ಟರೆ ಮರುದಿನದಿಂದಲೇ ಇಲ್ಲಿ ಯಾರಿಗೂ ನಳಿಕೆ ಇಡುತ್ತಿರಲಿಲ್ಲ.

ಇಪ್ಪತ್ತು ವರ್ಷದಿಂದ ಅದೇ ವಾರ್ಡಿನಲ್ಲಿದ್ದ ನರ್ಸ್ ಇನ್ಸಾಫ್ ಹತ್ತಿರ ಬಂದು ದನಿ ತಗ್ಗಿಸಿದಳು. “ಮಗಳೇ, ಇದು ನಮ್ಮ ಮೂವರಿಗಷ್ಟೇ ಗೊತ್ತು. ಗುರುವಾರ ಒಂದು ಮುಗೀಲಿ, ಆಮೇಲೆ ನೋಡ್ಕೊಳ್ಳೋಣ.”

ಸುಳ್ಳೇಕೆ, ನಶ್ವಾಳ ಮನಸ್ಸೂ ಒಂದು ಕ್ಷಣ ಆ ಕಡೆಗೇ ವಾಲಿತು. ತನ್ನ ಮೇಲಿನ ಸಿಟ್ಟನ್ನು ಹಾಜಿಯ ಮೇಲೆ ತೀರಿಸಿಕೊಂಡಳು.

“ಒಂದು ಮಾತು ಹೇಳಬಾರದಿತ್ತೇ? ದಿನಾ ಬೆಳಿಗ್ಗೆ ಬರ್ತಿದ್ನಲ್ಲ!”

“ಬರ್ತಿದ್ರಿ ತಾಯಿ, ಇಲ್ಲ ಅಂದೋರ್ಯಾರು?” ಹಾಜಿ ತೊಳೆದ ಬಾಟಲಿಯನ್ನು ಜೋಪಾನವಾಗಿ ಒರೆಸುತ್ತಿದ್ದರು. “ಬಾಟ್ಲಿನ ವಿಚಾರಿಸ್ಕೊಂಡು ಹೋಗ್ತಿದ್ರಿ. ನಮ್ಮನ್ನ ಕೇಳಿದ್ರೆ ಹೇಳ್ತಿರ್ಲಿಲ್ವೇ?”

ಇನ್ಸಾಫ್ ಬಾಯಿಗೆ ತಲೆವಸ್ತ್ರದ ತುದಿ ಅಡ್ಡ ಹಿಡಿದು ನಗು ನುಂಗಿದಳು. ನಶ್ವಾಗೆ ನಗು ಬರಲಿಲ್ಲ. ನಳಿಕೆ ತೆಗೆಯಲು ತಂದಿದ್ದ ಕತ್ತರಿಯನ್ನು ತಟ್ಟೆಯಲ್ಲಿಟ್ಟಳು. “ನಳಿಕೆ ಇವತ್ತು ತೆಗೆಯಲ್ಲ ಹಾಜಿಗಳೇ. ಕಾಯಿಲೆಯವರಿಗೆ ದೇವರ ಹತ್ತಿರ ಮಾಫಿ ಇದೆ, ಬಾಟ್ಲಿ ಮುಟ್ಟಬೇಡಿ,” ಎಂದಳು. ಇನ್ಸಾಫ್ ಕಡೆ ತಿರುಗಿ, “ಗುರುವಾರದ ಪಟ್ಟಿಯಿಂದ ನನ್ನ ಹೆಸರು ಹೊಡೆಸಿಬಿಡಿ,” ಎಂದಳು. ಆಮೇಲೆ ಫೈಲು ಬಿಚ್ಚಿ, ಪಕ್ಕದ ಮಂಚದ ಮೇಷ್ಟ್ರ ಮನೆಗೆ ಫೋನು ಹಚ್ಚಿದಳು. ಎತ್ತಿಕೊಂಡದ್ದು ಮೇಷ್ಟ್ರ ಹೆಂಡತಿ.

“ಹೌದಮ್ಮ, ಎರಡು ದಿನದಿಂದ ಕೆನ್ನೆ ಊದಿದೆ, ಜ್ವರಾನೂ ಇದೆ. ಆಸ್ಪತ್ರೆಗೆ ಹೋಗೋಣ ಅಂದ್ರೆ, ಡಾಕ್ಟರಮ್ಮ ಎಲ್ಲಾ ಅಳೆದು ನೋಡೇ ಕಳಿಸಿದಾರೆ, ಅವರ ಅಳತೆ ತಪ್ಪಲ್ಲ ಅಂತ ಸುಮ್ಮನೆ ಮಲಗಿಬಿಟ್ಟಿದಾರೆ.”