ಎಲ್ಲವನ್ನೂ ಒಪ್ಪುತ್ತೇನೆ

ಎರಡನೇ ಚರಣ ಮುಗಿಯಿತು. ಮೂರನೆಯದಕ್ಕೆ ಹೋಗಬೇಕಾದ ಜಾಗದಲ್ಲಿ ಊರಿನ ಸಭಾಭವನದಲ್ಲಿ ಕೂತಿದ್ದ ಅಷ್ಟೂ ನೆಂಟರು ಒಂದೇ ಕಂಠದಲ್ಲಿ ಹಾಡಿದರು: "ನಿಮ್ಮ ಖಾಸಗಿತನ ನಮಗೆ ಅಮೂಲ್ಯ..."

ಎಸ್ಬೆನ್ ಹಾಡುವುದನ್ನು ನಿಲ್ಲಿಸಿದ. ಬಗ್ಗಿ ಹಾಡಿನ ಹಾಳೆ ನೋಡಿದ. ಚರಣದ ಕೆಳಗೆ, ತಾನೇ ಆರಿಸಿದ ಬಾಗು ಅಕ್ಷರದಲ್ಲಿ, ತಾನೇ ಹಾಕಿದ ಹೂಬಳ್ಳಿಯ ನಡುವೆ, ನಾಲ್ಕು ಸಾಲು ಮದುಮಗಳಂತೆ ಸಿಂಗರಿಸಿಕೊಂಡು ನಿಂತಿದ್ದವು.

ನಿಮ್ಮ ಖಾಸಗಿತನ ನಮಗೆ ಅಮೂಲ್ಯ
ನಾವು ಮತ್ತು ನಮ್ಮ ಸಂಗಾತಿಗಳು ಕುಕೀ ಬಳಸುತ್ತೇವೆ
ಅಗತ್ಯವಾದದ್ದು ಮಾತ್ರ
ಎಲ್ಲವನ್ನೂ ಒಪ್ಪುತ್ತೇನೆ

"ಏನೋ ಇದು?" ಪಕ್ಕದಲ್ಲಿದ್ದ ಸಿಗ್ನೆ ಹಾಡುವ ನಗುಮುಖ ಬದಲಿಸದೆ ಹಲ್ಲಿನ ಸಂದಿಯಿಂದ ಕೇಳಿದಳು. ಹುಟ್ಟುಹಬ್ಬ ಅವಳ ಅಪ್ಪನದು. ಹಾಡು ಬರೆದು ಆಮಂತ್ರಣದ ವೆಬ್ ಪುಟಕ್ಕೆ ಏರಿಸಿದವಳು ಅವಳು. ಅದನ್ನು ಹಾಳೆಗೆ ಇಳಿಸಿಕೊಡುತ್ತೇನೆಂದು ಎದೆ ತಟ್ಟಿಕೊಂಡವನು ಇವನು.

"ಪುಟ ತೆಗೆದ ತಕ್ಷಣ ಅಡ್ಡ ಬಂದು ನಿಲ್ಲುತ್ತಲ್ಲ, ಒಪ್ಪಿಗೆ ಕೊಡಿ ಅಂತ. ಆ ದರಿದ್ರ ನೋಟಿಸು."

"ನಂಗೆ ಯಾವತ್ತೂ ಕಂಡಿಲ್ಲ."

"ನೀನು ಯಾವತ್ತೋ ಒಪ್ಕೊಂಡು ಕೂತಿದೀಯ. ನನ್ನ ಪ್ರೋಗ್ರಾಮು ಪ್ರತಿ ಸಲ ಹೊಸ ನೆಂಟನ ಥರ ಹೋಗುತ್ತೆ. ಗುಂಡಿ ಒತ್ತೋಕೆ ಅದಕ್ಕೆ ಬೆರಳೆಲ್ಲಿದೆ? ಕಂಡಿದ್ದನ್ನೆಲ್ಲ ಪಿಡಿಎಫ್ ಮಾಡಿ ಕೈಗೆ ಕೊಟ್ಟಿದೆ."

"ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಮುಗೀತಿತ್ತು."

"ಪೇಸ್ಟ್ ಮಾಡೋದು ಹೇಡಿಗಳ ಕೆಲಸ."

"ಅಚ್ಚಾದ್ಮೇಲೆ ಓದ್ಲಿಲ್ವಾ ಧೀರ?"

"ಹೂವು ನೆಟ್ಟಗೆ ಬಂದಿದ್ಯಾ ನೋಡ್ದೆ."

ಎಸ್ಬೆನ್‌ನ ಮೈ ಉರಿಯುತ್ತಿತ್ತು. ಆ ನೋಟಿಸನ್ನು ಕಡ್ಡಾಯ ಮಾಡಿದವರ ಮೇಲೆ, ಪ್ರೋಗ್ರಾಮಿಗೆ ಸೇರಿಸಿಕೊಂಡಿದ್ದ, ಹೇಳಿದಷ್ಟನ್ನೇ ಮಾಡುವ ಸಿದ್ಧ ಕೋಡಿನ ಮೇಲೆ, ಅದನ್ನು ಬರೆದ ಪುಣ್ಯಾತ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ಹಾಡುವ ಜನರ ಮೇಲೆ. ಡೆನ್ಮಾರ್ಕಿನಲ್ಲಿ ಹಬ್ಬದ ಊಟಕ್ಕೆ ಕೂತವರ ಕೈಗೆ ಹಾಳೆ ಕೊಟ್ಟರೆ ಮುಗಿಯಿತು, ಅಚ್ಚಾದದ್ದನ್ನೆಲ್ಲ ಹಾಡಿಯೇ ಹಾಡುತ್ತಾರೆ. ಔಷಧಿ ಡಬ್ಬಿಯ ಚೀಟಿ ಕೊಟ್ಟಿದ್ದರೂ ರಾಗ ಹಿಡಿಯುತ್ತಿದ್ದರು.

ಮೇಜಿನ ತುದಿಯಲ್ಲಿ ಸಿಗ್ನೆಯ ಅಪ್ಪ ಥಾರ್ಕಿಲ್ ಕಲ್ಲಿನಂತೆ ಕೂತಿದ್ದರು. ಬದುಕಿಡೀ ಮಕ್ಕಳ ಡೇನಿಷ್ ತಿದ್ದಿದ ಮೇಷ್ಟ್ರು. ನಿವೃತ್ತರಾದರೂ ಜೇಬಿನಲ್ಲಿ ಕೆಂಪು ಪೆನ್ನು ಹಾಗೇ ಇತ್ತು. ಒಂಬತ್ತನೇ ತರಗತಿಗೇ ಶಾಲೆಗೆ ಬೆನ್ನು ಹಾಕಿದ ಎಸ್ಬೆನ್‌ನನ್ನು ಅವರು ಇವತ್ತಿಗೂ ಹೆಸರು ಹಿಡಿದು ಕರೆದವರಲ್ಲ. ಎದುರಿಗೇ ಕೂತಿದ್ದರೂ, "ಸಿಗ್ನೆ, ನಿನ್ನ ಕಂಪ್ಯೂಟರಿನವನು ಕಾಫಿ ಕುಡೀತಾನಾ ಕೇಳು" ಎನ್ನುತ್ತಿದ್ದರು. ತಾವಿಬ್ಬರೂ ಮದುವೆಯಾಗುವ ಸುದ್ದಿ ಹೇಳಿದಾಗ ಅವರು ಅಂದದ್ದು ಇಷ್ಟೇ: "ಬರ್ತೀನೋ ಇಲ್ವೋ, ನನ್ನ ಹುಟ್ಟುಹಬ್ಬ ಕಳೀಲಿ, ಆಮೇಲೆ ಹೇಳ್ತೀನಿ." ಅಪ್ಪ ಬಾರದ ಮದುವೆ ಸಿಗ್ನೆಗೆ ಬೇಡವಾಗಿತ್ತು. ಅದಕ್ಕೇ ಈ ಹೂಬಳ್ಳಿ.

"ಇನ್ನೊಂದು ಪುಟ ಇದೆಯಲ್ಲ," ಸಿಗ್ನೆ ಪಿಸುಗುಟ್ಟಿದಳು. "ಅದರಲ್ಲೂ?"

"ಅದು ಪ್ರತಿ ಪುಟದ ಅಡಿಗೂ ಅಂಟ್ಕೊಳ್ಳುತ್ತೆ."

ಸಿಗ್ನೆ ಕಣ್ಣು ಮುಚ್ಚಿಕೊಂಡಳು.

ಎರಡನೇ ಪುಟದ ಅಡಿಗೆ ಬಂದಾಗ, ಮೊದಲ ಸಲ ಕಂಡದ್ದನ್ನು ಕಂಡ ಹಾಗೆ ಹಾಡಿದ್ದವರೆಲ್ಲ ಈ ಸಲ ಅದನ್ನು ಪಲ್ಲವಿ ಎಂದೇ ನಂಬಿ ಎದೆ ತುಂಬಿ ಹಾಡಿದರು. "ನಾವು ಮತ್ತು ನಮ್ಮ ಸಂಗಾತಿಗಳು" ಬಂದಾಗ ಯಾರೋ ಚಮಚದಿಂದ ಗ್ಲಾಸು ಕುಟ್ಟಿದರು. ಗ್ಲಾಸು ಕುಟ್ಟಿದ ಮೇಲೆ ಅಲ್ಲಿನ ಪದ್ಧತಿಯಂತೆ ಗಂಡ ಹೆಂಡಿರು ಎದ್ದು ಮುತ್ತು ಕೊಡಬೇಕಾದ್ದೇ, ಕೊಟ್ಟರು. ಸಿಗ್ನೆಯ ಸೋದರತ್ತೆ ಗೂನಿಲ್ ಕಣ್ಣೊರೆಸಿಕೊಂಡು, "ನಮ್ಮಮ್ಮ ಮಾಡ್ತಿದ್ದ ಕುಕೀ ಬಿಸ್ಕತ್ತನ್ನೂ ಮರೀದೆ ಸೇರ್ಸಿದೆ ನೋಡು ಮಗು" ಎಂದಳು. "ಎಲ್ಲವನ್ನೂ ಒಪ್ಪುತ್ತೇನೆ" ಎಂದು ಇಡೀ ಸಭೆ ಕೊನೆಯ ಸಾಲನ್ನು ಎಷ್ಟು ಎಳೆಯಿತೆಂದರೆ ಅಡುಗೆಮನೆಯವರೂ ಬಾಗಿಲಿಗೆ ಬಂದು ದನಿಗೂಡಿಸಿದರು.

ಚಪ್ಪಾಳೆ ನಿಂತಿತು. ಥಾರ್ಕಿಲ್ ಜೇಬಿನಿಂದ ಕೆಂಪು ಪೆನ್ನು ತೆಗೆದರು. ಹಾಳೆಯ ಮೇಲೆ ಏನೋ ಗೀಚಿ, ಮಡಿಸಿ, ಪಕ್ಕದವರಿಗೆ ಕೊಟ್ಟು ಎಸ್ಬೆನ್ ಕಡೆ ಬೆರಳು ಮಾಡಿದರು. ಹಾಳೆ ಕೈಯಿಂದ ಕೈಗೆ ದಾಟುತ್ತ ಬಂತು. ದಾಟಿಸಿದ ಒಬ್ಬೊಬ್ಬರೂ ಸಾವಿನ ಮನೆಯಲ್ಲಿ ನೋಡಿದ ಹಾಗೆ ಅವನ ಮುಖ ನೋಡಿದರು.

ಬಿಡಿಸಿದ. ಹಾಡಿಗೆ ಒಂದು ಗೀಟೂ ಬಿದ್ದಿರಲಿಲ್ಲ. "ಅಗತ್ಯವಾದದ್ದು ಮಾತ್ರ" ಎಂಬ ಸಾಲಿನ ಸುತ್ತ ಒಂದು ಕೆಂಪು ಸುತ್ತು, ಅಷ್ಟೇ.

"ಮದುವೆಗೆ ಬರ್ತಾರೆ ಅಂತಾನಾ?"

"ನಂಗೇನು ಗೊತ್ತು," ಎಂದಳು ಸಿಗ್ನೆ.

"ಆ ಅಗತ್ಯದ ಪಟ್ಟೀಲಿ ನಾನಿದೀನಾ?"

ಮೇಜಿನ ಆ ತುದಿಯಿಂದ ಮೇಷ್ಟ್ರು ತಲೆ ಎತ್ತದೆ ಕೂಗಿದರು.

"ಎಸ್ಬೆನ್, ಆ ಆಲೂಗಡ್ಡೆ ಈ ಕಡೆ ಕಳಿಸು."

ಎಸ್ಬೆನ್ ಕಳಿಸಲಿಲ್ಲ. ಪಾತ್ರೆಯನ್ನು ತಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಅಷ್ಟೂ ಕುರ್ಚಿ ದಾಟಿ ನಡೆದ. ಥಾರ್ಕಿಲ್ ಸೌಟು ಮುಟ್ಟಲಿಲ್ಲ. ಪಾತ್ರೆಯನ್ನೇ ಇಸಿದುಕೊಂಡು, ಬಗ್ಗಿಸಿ, ಒಂದೂ ಬಿಡದೆ ಎಲ್ಲವನ್ನೂ ತಮ್ಮ ತಟ್ಟೆಗೆ ಸುರಿದುಕೊಂಡರು.