ಎಡಗಡೆಯ ಸೀಟು

ಹೆಸರುಕಾಳಿನ ಮೊಳಕೆಯ ಬಾಲ ಚಿವುಟುತ್ತ ಕುಳಿತಿದ್ದ ತೇಕ್ ಹಿನ್‌ನ ಕಣ್ಣು ಬುಟ್ಟಿಯ ಮೇಲಿರಲಿಲ್ಲ. ಅಂಗಳದಲ್ಲಿದ್ದ ಅಪರಿಚಿತನ ಮೇಲಿತ್ತು.

ಆ ಮನುಷ್ಯ ತಿಳಿಹಸಿರು ಮೋರಿಸ್ ಮೈನರ್ ಕಾರಿನ ಸುತ್ತ ಟೇಪು ಹಿಡಿದು ಓಡಾಡುತ್ತಿದ್ದ. ಉದ್ದ ಅಳೆದ, ಅಗಲ ಅಳೆದ, ಎರಡು ದೀಪಗಳ ನಡುವಿನ ಜಾಗವನ್ನೂ ಅಳೆದ. ಬಾನೆಟ್ ಮಾತ್ರ ಎತ್ತಲಿಲ್ಲ.

"ಯಾರು ಆಂಟಿ ಅದು?"

"ನಾನೇ ಬರೋಕೆ ಹೇಳಿದ್ದೆ," ಎಂದಳು ಗೇಕ್ ಲಿಯಾನ್. "ನೀನು ಬಾಲ ಪೂರ್ತಿ ತೆಗಿ, ಹಿನ್. ಅರ್ಧಂಬರ್ಧ ಬಿಟ್ರೆ ಗಂಟಲಿಗೆ ಸಿಕ್ಕೊಳ್ಳತ್ತೆ."

ಪೆನಾಂಗ್‌ನಲ್ಲಿ ಹಳೆಯ ಕಾರು ಕೊಂಡು ಮಾರುವವರ ಪೈಕಿ ತೇಕ್ ಹಿನ್ ಹೆಸರು ಮಾಡಿದವನು. ಗೇಕ್ ಲಿಯಾನ್‌ಳ ಗಂಡ ಊಯಿ ಅಂಕಲ್ ತೀರಿಕೊಂಡು ಮೂರು ವರ್ಷವಾಗಿತ್ತು. ಅಂದಿನಿಂದ ಅವರ ಈ ಕಾರಿನ ಮೇಲೆ ಅವನ ಕಣ್ಣು. ಕರವಸ್ತ್ರದಲ್ಲಿ ಸುತ್ತಿದ ಆಯಸ್ಕಾಂತವನ್ನು ಅದರ ಮೈಮೇಲೆಲ್ಲ ಹಾಯಿಸಿ ನೋಡಿದ್ದ. ಎಲ್ಲೂ ಜಾರಲಿಲ್ಲ. ಎಂದರೆ ಎಲ್ಲೂ ಪುಟ್ಟಿ ಮೆತ್ತಿಲ್ಲ, ಅಪ್ಪಟ ತಗಡು. ಎಂಜಿನ್ನಿನ ಸಂಖ್ಯೆ ದಾಖಲೆಗೆ ಹೊಂದುತ್ತಿತ್ತು. ಸ್ಟೆಪ್ನಿಯ ಅಡಿಯಲ್ಲಿ ಕಾರ್ಖಾನೆಯ ಬಣ್ಣವೇ ಇತ್ತು. ಓಡಿಸುವವರ ಸೀಟು ಕುಸಿದು ಹೋಗಿದ್ದರೂ ಎಡಗಡೆಯದು ನಿನ್ನೆ ಹೊಲಿದಂತಿತ್ತು. ಒಳಗೊಳಗೇ ಹಿಗ್ಗಿದ ಅವನು ಬಾಯಲ್ಲಿ ಮಾತ್ರ ಎಡಗಡೆ ಮಡ್‌ಗಾರ್ಡಿನ ತಗ್ಗನ್ನು ತೋರಿಸಿ ಹಲುಬಿ, ಹದಿನೆಂಟು ಸಾವಿರ ರಿಂಗಿಟ್ ಎಂದಿದ್ದ. ಅದರ ಎರಡರಷ್ಟಕ್ಕೂ ಮೀರಿ ಬಾಳುವ ಕಾರು.

ಮಾತು ಬೇರೆ ಕೊಟ್ಟುಬಿಟ್ಟಿದ್ದ. ಕ್ವಾಲಾಲಂಪುರದ ಹೋಟೆಲ್ ಮಾಲೀಕನೊಬ್ಬನಿಗೆ "ಕಾರು ನಿಮ್ಮದೇ" ಎಂದು ಕೈಕುಲುಕಿಯೂ ಆಗಿತ್ತು. ಈಗ ಕೈತಪ್ಪಿದರೆ ಈ ದಂಧೆಯಲ್ಲಿ ಅವನ ಮಾತನ್ನು ಮತ್ತೆ ಯಾರೂ ನಂಬುವಂತಿರಲಿಲ್ಲ.

ಮುದುಕಿಯದು ಒಂದೇ ಉತ್ತರ: "ಏಳನೇ ತಿಂಗಳು ಕಳೀಲಿ." ಅದಕ್ಕೆ ಅವನ ತಕರಾರಿರಲಿಲ್ಲ. ಚೀನೀ ಪಂಚಾಂಗದಲ್ಲಿ ಅದು ಸತ್ತವರು ಹಸಿದು ಬೀದಿಗಿಳಿಯುವ, ಅವರಿಗೆ ಸೇರಲೆಂದು ಜನ ಕಾಗದದ ದುಡ್ಡು, ಬಟ್ಟೆ ಸುಡುವ ತಿಂಗಳು; ಆಗ ಯಾರು ತಾನೇ ಗಾಡಿ ಕೊಳ್ಳುತ್ತಾರೆ? ಅನುಮಾನ ಹುಟ್ಟಿದ್ದೇ ಅಲ್ಲಿ. ಈ ತಿಂಗಳಲ್ಲೂ ಟೇಪು ಹಿಡಿದು ಬಂದವನು ನೆಟ್ಟಗಿನ ಆಸಾಮಿ ಆಗಿರಲಾರ.

"ಈ ತಗ್ಗು ಹೇಗಾಯ್ತಮ್ಮ?" ಅಪರಿಚಿತ ಕೇಳಿದ.

"ಯಜಮಾನರು ದುರಿಯನ್ ಮಾರೋನ ಗಾಡಿಗೆ ಗುದ್ದಿದ್ರು. ಆ ಮುಳ್ಳಿನ ಹಣ್ಣಿಗೇನೂ ಆಗಲಿಲ್ಲ."

ಅವನು ನಕ್ಕು, ತಗ್ಗನ್ನು ಬೆರಳಲ್ಲಿ ಸವರಿದ. "ಇದು ಇರಲೇಬೇಕು ಬಿಡಿ. ಇಲ್ಲದಿದ್ರೆ ಅವರ ಕಾರು ಅನ್ನಿಸಲ್ಲ."

ಎಲಾ ಇವನ, ಎಂದುಕೊಂಡ ತೇಕ್ ಹಿನ್. ತಗ್ಗನ್ನೂ ಹಾಗೇ ಉಳಿಸಿಕೊಳ್ಳುವವನು ಎಂದರೆ ಪಳಗಿದ ಗಿರಾಕಿ. ಮಾಸಿದ ಅಂಗಿ, ಬೆರಳಿಗೆ ಒಣಗಿದ ಅಂಟು, ಬೈಕಿನ ಹಿಂದೆ ಕಟ್ಟಿದ ಬಿದಿರಿನ ಸೀಳು, ಎಲ್ಲ ವೇಷ. ಬಡವನಂತೆ ಕಂಡರೆ ಬೆಲೆ ಇಳಿಯುತ್ತದೆ. ತಾನೂ ಹರಕು ಚಪ್ಪಲಿ ಮೆಟ್ಟಿ ಹೋದದ್ದುಂಟು.

ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅವನು ಕಾದ.

"ಎಷ್ಟು ಹೇಳಿದ್ರು?"

"ಹೇಳಿದಷ್ಟಕ್ಕೆ ಒಪ್ಕೊಂಡೆ. ಇಂಥದ್ರಲ್ಲಿ ಚೌಕಾಸಿ ಮಾಡಬಾರದು."

"ನಾನು ಇಪ್ಪತ್ತೈದು ಕೊಡ್ತೀನಿ."

ಮುದುಕಿ ಮೊಳಕೆ ತೊಳೆದಳು.

"ಮೂವತ್ತಾರು. ಇದರ ಮೇಲೆ ಒಂದು ಕಾಸು ಕೊಟ್ರೂ ಹೆಂಡ್ತಿ ಮನೆಗೆ ಸೇರಿಸಲ್ಲ."

"ನಿನ್ನೆ ತನಕ ತುಕ್ಕು ಡಬ್ಬ ಅಂತಿದ್ದೆ. ರಾತ್ರಿ ಕಳೆಯೋದ್ರಲ್ಲಿ ಚಿನ್ನ ಆಯ್ತಾ?" ಅವಳು ನೀರು ಬಸಿದಳು. "ಸರಿ, ಮೂವತ್ತಾರು. ತಿಂಗಳ ಕೊನೇ ದಿನ ಸಂಜೆ ಬಾ."

ಏಳುವಾಗ ಬಿಸ್ಕತ್ತಿನ ಡಬ್ಬಿಯ ಕೆಳಗೆ ಲಕೋಟೆಯೊಂದು ಕಂಡಿತು. ಅಂಚು ಹಳದಿಯಾಗಿತ್ತು. ಅಂಚೆಚೀಟಿ ಇರಲಿಲ್ಲ.

"ಕೊಡಿ ಆಂಟಿ, ಪೋಸ್ಟಿಗೆ ಹಾಕ್ತೀನಿ."

"ಬೇಡ. ಅದು ಕಾರಿನ ಜೊತೇಲೇ ಹೋಗಬೇಕು."

"ಹಾಗಾದ್ರೆ ನನಗೇನಾ?"

"ನಿನಗ್ಯಾಕಪ್ಪ ಕಾಗದ? ಕಣ್ಣೆದುರಿಗೇ ಕೂತಿದ್ದೀಯ."

ಆ ಮಾತು ಅವನ ನಿದ್ದೆ ಕೆಡಿಸಿತು. ಕಾಗದ ಕಾರಿನ ಜೊತೆಗೆ ಹೋಗಬೇಕು, ಆದರೆ ಕೊಳ್ಳುವ ತನಗಲ್ಲ. ಹಾಗಿದ್ದರೆ ಕಾರು ಹೋಗುವುದು ಯಾರ ಹತ್ತಿರ? ಮುದುಕಿ ಇಬ್ಬರಿಗೂ ಒಪ್ಪಿಗೆ ಕೊಟ್ಟು ಆಟ ಆಡಿಸುತ್ತಿದ್ದಾಳೆ.

ತಿಂಗಳ ಕೊನೆಯ ಸಂಜೆ ಹಣದ ಚೀಲ ಹಿಡಿದು, ಗುಡಿಯ ಬಯಲಿನ ಅಡ್ಡದಾರಿಯಲ್ಲಿ ಹೊರಟವನು ನಿಂತೇಬಿಟ್ಟ. ಬಯಲಿನ ನಡುವೆ ತಿಳಿಹಸಿರು ಕಾರು. ಅದೇ ನಂಬರು, ಎಡಗಡೆ ಅದೇ ತಗ್ಗು. ಹಿಂದಿನ ಚಕ್ರದ ಬಳಿ ಅದೇ ಅಪರಿಚಿತ ಬಗ್ಗಿ ಏನೋ ಸರಿಪಡಿಸುತ್ತಿದ್ದಾನೆ. ಪಕ್ಕದಲ್ಲಿ ಬಿಳಿಯ ಅಂಗಿ ತೊಟ್ಟು, ಲಕೋಟೆ ಹಿಡಿದು ಗೇಕ್ ಲಿಯಾನ್.

"ಆಂಟಿ, ಇದು ನ್ಯಾಯವಾ? ನನಗೆ ಮಾತು ಕೊಟ್ಟು ಇವನಿಗೆ ಕೊಟ್ರಾ?"

"ಇವರಿಗೆ ಎಲ್ಲಿ ಕೊಟ್ಟೆ?"

"ಈ ಕಾರಿನ ಒಂದೊಂದು ಅಂಗುಲ ನನಗೆ ಗೊತ್ತು. ಅದಲ್ಲ ಅಂತ ನನ್ನ ಹತ್ರ ಹೇಳಬೇಡಿ." ಜೇಬಿನಿಂದ ಆಯಸ್ಕಾಂತ ತೆಗೆದು ಬಾಗಿಲಿಗೆ ಹಚ್ಚಿದ.

ಅದು ಜಾರಿ ಹುಲ್ಲಿಗೆ ಬಿತ್ತು.

ಮಡ್‌ಗಾರ್ಡಿಗೆ ಹಚ್ಚಿದ. ಅಲ್ಲೂ ನಿಲ್ಲಲಿಲ್ಲ. ಇಡೀ ಮೈಗೆ ಪುಟ್ಟಿಯೇ? ಬಾಗಿಲನ್ನು ಬೆರಳಿನಿಂದ ಒತ್ತಿದ. ಬೆರಳು ಕಾಗದ ತೂರಿ ಒಳಗೆ ಹೋಯಿತು.

"ಮೆಲ್ಲಗೆ ಮುಟ್ಟಿ ಮಾರಾಯ್ರೆ," ಎಂದ ಅಪರಿಚಿತ. "ಅಂಟು ಇನ್ನೂ ಹಸಿ ಇದೆ."

ಗೇಕ್ ಲಿಯಾನ್ ಸೊಂಟದಿಂದ ಬೀಗದಕೈ ತೆಗೆದು ತೇಕ್ ಹಿನ್‌ನ ಅಂಗೈಯಲ್ಲಿಟ್ಟಳು. "ನಿನ್ನದು ಮನೆ ಅಂಗಳದಲ್ಲೇ ಇದೆ, ತಗೊಂಡು ಹೋಗು. ಯಜಮಾನರಿಗೆ ಒಂದು ಕಳಿಸದೆ ಅವರ ಕಾರನ್ನ ನಿನಗೆ ಹೇಗೆ ಮಾರಲಿ?"

ಅವನು ತೂತಿನೊಳಗೆ ಇಣುಕಿದ: ಬಿದಿರಿನ ಚೌಕಟ್ಟು. ಬಿದಿರು, ಅಂಟು, ಟೇಪು ಒಂದೊಂದೇ ನೆನಪಾದವು. ಈ ಪೈಪೋಟಿಗಾರನಿಗೆ ಹೆದರಿ ತಾನು ಎರಡರಷ್ಟು ಬೆಲೆ ಕಟ್ಟಿದ್ದೂ ನೆನಪಾಯಿತು.

"ಕಾಗದದಲ್ಲಿ ಏನು ಬರೆದಿದ್ದೀರಿ ಆಂಟಿ?"

"ದಿನಾ ಬಾ, ಒಂದು ಸುತ್ತು ಹೋಗಿ ಬರೋಣ ಅಂತಿದ್ರು. ಆ ಡಬ್ಬದಲ್ಲಿ ನಾನು ಕೂರಲ್ಲ ಅಂತ ಮೂತಿ ತಿರುಗಿಸ್ತಿದ್ದೆ. ಒಂದು ದಿನಾನೂ ಕೂರಲಿಲ್ಲ." ಅವಳು ಹಸಿರು ಬಾಗಿಲನ್ನು ಎರಡು ಬೆರಳಲ್ಲಿ ಮೆಲ್ಲಗೆ ತೆರೆದಳು. "ಎಡಗಡೆ ಸೀಟು ಖಾಲಿ ಇಟ್ಟಿರಿ, ಬರ್ತೀನಿ ಅಂತ ಬರೆದಿದ್ದೀನಿ."

ಮೂರು ವರ್ಷ ಬಿಸ್ಕತ್ತಿನ ಡಬ್ಬಿಯ ಕೆಳಗೆ ಕಾದಿದ್ದ ಲಕೋಟೆಯನ್ನು ಆ ಸೀಟಿನ ಮೇಲಿಟ್ಟು, ಗೇಕ್ ಲಿಯಾನ್ ಕಡ್ಡಿ ಗೀರಿದಳು.