ಇಮಾನದ ಕುರ್ಚಿ

ಒಂದು ಕೆನ್ನೆಯ ಗಡ್ಡ ಬೋಳಿಸಿ ಆಗಿತ್ತು. ಜಾರಿ ಬಿದ್ದ ಮೊಬೈಲ್ ಎತ್ತಿಕೊಳ್ಳಲು ಕುರ್ಚಿಯ ಹಿಂದಕ್ಕೆ ಕೈ ಹಾಕಿದ ಕಾಂತರಾಜ್ ಏನನ್ನೋ ತಡವಿ ಹಾಗೇ ಉಳಿದರು. ನೊರೆಯಿಲ್ಲದ ಕೆನ್ನೆಯೂ ನೊರೆಯಷ್ಟೇ ಬೆಳ್ಳಗಾಯಿತು.

"ಚಾಮಯ್ಯ, ಕತ್ತಿ ಆಚೆ ತೆಗೀರಿ. ನಾನು ನಿಧಾನಕ್ಕೆ ಏಳ್ತೀನಿ. ಈ ಕುರ್ಚಿ ಎಲ್ಲಿ ಸಿಕ್ತು ನಿಮಗೆ?"

"ಗುಜರೀಲಿ ತಂದೆ ಸಾ. ಅಳೇ ಫೈಟರ್ ಇಮಾನದ್ದು. ಪೈಲಟ್ ಕುಂತಿದ್ದ ಸೀಟು ಕಣಿ! ನಮ್ ಕೆ.ಆರ್. ನಗರದಲ್ಲಿ ಇನ್ಯಾರ ತಾವ ಅದೆ ಏಳಿ?"

ಬಿಸಿನೀರಿನ ಚೊಂಬು ಹಿಡಿದು ಹಿಂದೆ ನಿಂತಿದ್ದ ಮಂಗಳಾ ಅಪ್ಪನ ಮುಖ ನೋಡಿದಳು. ಈ ಮಾತು ಹೇಳುವಾಗೆಲ್ಲ ಆ ಮುಖ ಅರಳುತ್ತಿತ್ತು. ಚುಂಚನಕಟ್ಟೆ ರಸ್ತೆಯ ಜನ ಕ್ಷೌರಕ್ಕೆ ಹೊರಟರೆ "ಇಮಾನ ಹತ್ತಿ ಬತ್ತೀನಿ" ಎನ್ನುತ್ತಿದ್ದರು. ಬೇರೆ ಅಂಗಡಿಗಳ ಗೋಡೆಯಲ್ಲಿ ಸಿನಿಮಾ ನಟರಿದ್ದರೆ ಇಲ್ಲಿ ಹಂಟರ್, ನ್ಯಾಟ್, ಹಳೆಯ ಮಿಗ್ ಯುದ್ಧವಿಮಾನಗಳು. ಎಳೆಯ ಹುಡುಗನಾಗಿದ್ದಾಗ ಗದ್ದೆಯ ಮೇಲೆ ತಗ್ಗಿನಲ್ಲಿ ಹಾರಿದ ಒಂದು ವಿಮಾನದ ಹಿಂದೆ ನಾಟಿ ತುಳಿದುಕೊಂಡು ಓಡಿದ್ದ ಅಪ್ಪ, ಇಂದಿಗೂ ಸದ್ದು ಕೇಳಿದರೆ ಗಿರಾಕಿಯನ್ನು ನೊರೆಯಲ್ಲೇ ಬಿಟ್ಟು ಬೀದಿಗೆ ಓಡುತ್ತಿದ್ದ. ಆದರೆ ಒಮ್ಮೆಯೂ ವಿಮಾನದ ಒಳಗೆ ಕಾಲಿಟ್ಟವನಲ್ಲ.

ಕಾಂತರಾಜ್ ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಹೆಂಡತಿಯ ಊರಿಗೆ ಬಂದವರು ಮೊದಲ ಸಲ ಈ ಅಂಗಡಿ ಹೊಕ್ಕಿದ್ದರು. ಮೊಟ್ಟೆಯ ಮೇಲಿಂದ ಏಳುವವರಂತೆ ಎದ್ದು, ಕತ್ತಿನ ಬಿಳಿ ಬಟ್ಟೆ ಬಿಚ್ಚಿದರು.

"ವಿಮಾನ ಕೆಟ್ಟರೆ ಪೈಲಟ್‌ನ ಆಚೆ ಎಸೆಯೋ ಸೀಟು ಇದು. ಹಿಂದುಗಡೆ ಮದ್ದು ಇರುತ್ತೆ. ಗುಜರಿಗೆ ಹಾಕೋ ಮುಂಚೆ ತೆಗೀಬೇಕು, ಇದರಲ್ಲಿ ತೆಗೆದಿಲ್ಲ. ಕಾಲ ಮಧ್ಯೆ ಇರೋ ಈ ಹಳದಿ ಕಪ್ಪು ಹಿಡಿ ಎಳೆದರೆ, ಕೂತವನು ಛಾವಣಿ ಒಡಕೊಂಡು ಮೇಲಕ್ಕೆ ಹೋಗ್ತಾನೆ. ಹಿಡಿ ಅಲುಗದ ಹಾಗೆ ಇಷ್ಟು ದಿನ ಕಾಪಾಡಿರೋದು ಈ ಕೆಂಪು ಪಟ್ಟಿಯ ಪಿನ್ನು ಒಂದೇ."

ಚೊಂಬಿನ ನೀರು ಪಾದದ ಮೇಲೆ ಚೆಲ್ಲಿದ್ದು ಮಂಗಳಾಗೆ ತಿಳಿಯಲಿಲ್ಲ. ಈ ಕುರ್ಚಿಗೆ ಅಡ್ಡ ಹಲಗೆ ಹಾಕಿ ಕೂರಿಸಿದ್ದ ಮಕ್ಕಳು ಕಣ್ಣ ಮುಂದೆ ಬಂದರು. ಅಳದಿರಲೆಂದು ತಾಯಂದಿರು "ಗೇರ್ ಹಾಕು ಮಗ, ಬಸ್ ಬುಡು" ಎನ್ನುತ್ತಿದ್ದರು. ಮಕ್ಕಳು ಅದೇ ಹಿಡಿಯನ್ನು ಎರಡು ಕೈಯಲ್ಲಿ ಜಗ್ಗುತ್ತಿದ್ದವು.

ಆಮೇಲೆ ಇನ್ನೊಂದು ನೆನಪಾಯಿತು. ಅವಳು ಹುಟ್ಟಿದಾಗಿನಿಂದ ಅಪ್ಪ ಹೊಡೆದದ್ದು ಒಂದೇ ಸಲ. ಕೆಂಪು ಪಟ್ಟಿ ಕೊಳೆಯಾಗಿದೆ, ಒಗೆದು ಹಾಕೋಣವೆಂದು ಅದನ್ನು ಬಿಚ್ಚಲು ಹೋದ ದಿನ. ನಿಂಗೆ ಗೊತ್ತಿತ್ತಾ ಅಪ್ಪ? ಮಾತು ನಾಲಿಗೆಯ ತನಕ ಬಂತು. ಹೊರಗಿನವರ ಎದುರು ಬಾಯಿ ತೆರೆದು ಅವಳಿಗೆ ಅಭ್ಯಾಸವಿರಲಿಲ್ಲ.

"ಎಲ್ಲ ಆಚೆ ನಡೀರಿ. ವಾಯುಸೇನೆಯವರಿಗೆ ಫೋನ್ ಮಾಡ್ತೀನಿ, ಸಂಜೆಯೊಳಗೆ ಬಂದು ತಗೊಂಡು ಹೋಗ್ತಾರೆ."

"ಮದ್ದು ತಗುದ್ಬುಟ್ಟು ಸೀಟು ವಾಪಸ್ ಕೊಡ್ತಾರಾ ಸಾ?"

"ಇಲ್ಲ ಚಾಮಯ್ಯ. ಸೀಟು ಮರೆತುಬಿಡಿ."

ಅಪ್ಪ ಕತ್ತಿಯನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಆಗ್ಲಿ ಬುಡಿ," ಎಂದ.

ಬೀದಿಯಲ್ಲಿ ಟೀ ಅಂಗಡಿಯ ನಾಗರಾಜು ಅರ್ಧ ಗಡ್ಡದ ಕಾಂತರಾಜರನ್ನು ಕಂಡು ನಕ್ಕ. "ಏನ್ ಸಾ, ಒಂದ್ ಕೆನ್ನೆಗೇ ಕಾಸು ಮುಗುದೋಯ್ತಾ?"

"ಒಲೆ ಆರಿಸಯ್ಯ ಮೊದಲು!" ಎಂದು ಅವರು ಕೂಗಿದ ಬಗೆಗೆ ನಾಗರಾಜುವಿನ ನಗು ಅಲ್ಲೇ ನಿಂತಿತು. ಅವರು ಕಿವಿಗೆ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಜನರನ್ನು ದೂರ ಸರಿಸತೊಡಗಿದರು.

ಅಪ್ಪ ಮಂಗಳಾಳ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಒಳಗೆ ದೇವ್ರ ದೀಪ ಉರೀತದೆ ಕಣವ್ವ. ಮದ್ದಿನ ತಾವ ಬೆಂಕಿ ಬ್ಯಾಡ. ಆರಿಸ್ಬುಟ್ಟು ಬಂದೆ."

ಅವಳು ತಲೆಯಾಡಿಸಿದಳು. ಅವನು ಹೊಸ್ತಿಲು ದಾಟಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಹೊಳೆಯಿತು. ಅಂಗಡಿಯ ದೀಪ ದಿನವೂ ಹಚ್ಚುವವಳು ಅವಳು. ಇವತ್ತು ಇನ್ನೂ ಹಚ್ಚಿರಲಿಲ್ಲ.

ಓಡಿ ಬಾಗಿಲು ತಳ್ಳಿದಳು.

ಗಿರಾಕಿಗಳಿಗೆ ಬಿಟ್ಟು ತಾನೆಂದೂ ಕೂರದ ಕುರ್ಚಿಯಲ್ಲಿ ಅಪ್ಪ ಕೂತಿದ್ದ. ತಲೆ ಬಾಚಿಕೊಂಡಿದ್ದ. ಬೆಲ್ಟುಗಳನ್ನು ಹೆಗಲ ಮೇಲಿಂದ ಎಳೆದು ಬಿಗಿದುಕೊಂಡಿದ್ದ. ಅಂಗಿಯ ಜೇಬಿನಿಂದ ಕೆಂಪು ಪಟ್ಟಿ ಹೊರಗೆ ಇಳಿಬಿದ್ದಿತ್ತು.

ಅವನ ಮೇಲೆ ಎಂದೂ ಇಲ್ಲದ ಬೆಳಕು. ಮಂಗಳಾ ಕತ್ತೆತ್ತಿದಳು. ಕುರ್ಚಿ ತಂದ ವಾರವೇ ಅಪ್ಪ ಅದರ ನೆತ್ತಿಯ ಮೇಲಿದ್ದ ಛಾವಣಿಯ ತಗಡು ತೆಗೆದು, "ಬೆಳಕು ಬರ್ಲಿ" ಎಂದು ಪ್ಲಾಸ್ಟಿಕ್ ಶೀಟು ಹೊದಿಸಿದ್ದ. ಅದಕ್ಕೆ ಮಾತ್ರ ಮೊಳೆ ಹೊಡೆದಿರಲಿಲ್ಲ. ಈಗ ಅದನ್ನು ಬಿದಿರಿನ ಗಳದಿಂದ ಪಕ್ಕಕ್ಕೆ ಸರಿಸಿದ್ದ. ಅಲ್ಲಿ ಕುರ್ಚಿ ಹಿಡಿಸುವಷ್ಟು ಅಗಲದ ಆಕಾಶವಿತ್ತು.

ಕುರ್ಚಿಯ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅಪ್ಪ ತಿರುಗಲಿಲ್ಲ. ಗಿರಾಕಿಯೊಡನೆ ಮಾತಾಡುವಂತೆ ಕನ್ನಡಿಯಲ್ಲೇ ಅವಳನ್ನು ನೋಡಿದ. ಅವನ ಎರಡೂ ಕೈ ಕಾಲ ಮಧ್ಯದ ಹಿಡಿಯ ಮೇಲಿದ್ದವು.

"ಆಚೆ ನಿಂತ್ಕೊ ಕಣವ್ವ," ಎಂದ. "ನೆಲ ಗುಡ್ಸಿಲ್ಲ. ಕೂದ್ಲೆಲ್ಲ ಆರಿ ಕಣ್ಣಿಗೆ ಬಿದ್ದಾತು."